ಹಿತ್ತಲಿನ ಜೀಪು

ನನ್ನ ಗಂಡ ಜೀಪು ತಂದದ್ದು ನಮ್ಮ ಮದುವೆಯಾಗಿ ಎರಡನೆಯ ವರ್ಷದ ಬೇಸಿಗೆಯಲ್ಲಿ. ಐವತ್ತರ ದಶಕದ ನಡುಭಾಗವಿರಬೇಕು. ಅವರು ಗಜೇಂದ್ರಗಡದಲ್ಲಿ ಡಾಕ್ಟರು. ಪೇಟೆಯಲ್ಲಿ ಎರಡು ಕೋಣೆಯ ದವಾಖಾನೆ ಇಟ್ಟಿದ್ದರು. ಸುತ್ತಲಿನ ಹಳ್ಳಿಗಳಿಗೆ ಅಲ್ಲಿಯತನಕ ಸೈಕಲ್ಲಿನ ಮೇಲೆ, ಇಲ್ಲವೇ ರೋಗಿಯ ಕಡೆಯವರು ಕಟ್ಟಿಕೊಂಡು ಬಂದ ಚಕ್ಕಡಿಯಲ್ಲಿ ಹೋಗಿಬರುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪುಗಳಲ್ಲೊಂದು ಕೈಯಿಂದ ಕೈಗೆ ದಾಟಿ ಗದಗಿನ ಗುತ್ತಿಗೆದಾರನೊಬ್ಬನ ಹತ್ತಿರ ಬಂದಿತ್ತು. ಅವನು ಅದರಲ್ಲಿ ಜಲ್ಲಿ, ಸುಣ್ಣ, ಕೂಲಿಯಾಳು ಎಲ್ಲವನ್ನೂ ಹೊರಿಸಿ, ಸಾಕಾಗಿ, ಇವರಿಗೆ ಕೊಟ್ಟ.

ಅದಕ್ಕೆ ಬಾಗಿಲುಗಳಿರಲಿಲ್ಲ, ಮೇಲೆ ಹೊದಿಕೆ ಇರಲಿಲ್ಲ. ಸ್ಟೇರಿಂಗು ಎಡಗಡೆ ಇತ್ತು. ಡ್ರೈವರ್ ಕೂಡುವ ಸೀಟಿನ ಕೆಳಗೇ ಪೆಟ್ರೋಲಿನ ಟಾಕಿ. ಹಸಿರು ಬಣ್ಣ ಕಿತ್ತುಹೋದಲ್ಲೆಲ್ಲ ಕೆಂಪು ತುಕ್ಕು. ಇವರು ಅದನ್ನು ಪೇಟೆಯೊಳಗೆ ನಡೆಸಿಕೊಂಡು ಬಂದ ದಿನ ಅಂಗಡಿಕಾರರೆಲ್ಲ ಎದ್ದು ನಿಂತು ನೋಡಿದರಂತೆ. ಡಾಕ್ಟರು ತಪ್ಪಾದ ಕಡೆ ಕೂತಿದ್ದಾರೆ ಎಂದು ನಕ್ಕವರೂ ಇದ್ದರು.

ಮನೆಯಲ್ಲಿ ನಾವು ಮೂವರೇ. ಮಾವ ನಾನು ಆ ಮನೆ ತುಂಬುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಜೀಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದು ಸುತ್ತು ಬಂದು ನೋಡಿದರು. ಮಗ ಎಷ್ಟು ಕರೆದರೂ ಹತ್ತಲಿಲ್ಲ. "ಗ್ವಾಡಿ ಇಲ್ಲದ ಮನಿಯಾಗ ಕುಂತಂಗ ಆಕ್ಕೈತಿ," ಎಂದು ಒಳಗೆ ಹೋದರು.

ನನ್ನ ತವರು ರೋಣ. ಅಪ್ಪನದು ಹಿಟ್ಟಿನ ಗಿರಣಿ. ಮನೆಯ ಮುಂಭಾಗದಲ್ಲೇ ಗಿರಣಿ ಇದ್ದುದರಿಂದ ನಾವು ಎಂಜಿನ್ನಿನ ಸದ್ದಿನಲ್ಲೇ ಉಂಡು, ಓದಿ, ಬೆಳೆದವರು. ಸದ್ದು ಸ್ವಲ್ಪ ಬದಲಾದರೆ ಅಪ್ಪ ಊಟದ ತಾಟು ಬಿಟ್ಟು ಏಳುತ್ತಿದ್ದ, ನಾನೂ ಹಿಂದೆಯೇ ಏಳುತ್ತಿದ್ದೆ. ಏನನ್ನಾದರೂ ಬಿಚ್ಚುವಾಗ ಅವನಿಗೆ ಬಾಯಿ ಬಿಟ್ಟು ಹೇಳುತ್ತ ಹೋಗುವ ಅಭ್ಯಾಸವಿತ್ತು. ಯಾರಿಗೆ ಹೇಳುತ್ತಿದ್ದೇನೆ ಎಂಬ ಯೋಚನೆ ಅವನಿಗಿರಲಿಲ್ಲ, ಕೇಳುತ್ತ ನಿಲ್ಲುತ್ತಿದ್ದವಳು ನಾನು. ಹಾಗಾಗಿ ಮದುವೆಯಾಗಿ ಬರುವಾಗ ರೊಟ್ಟಿ ಬಡಿಯುವುದರ ಜೊತೆಗೆ ವಾಶರು ಕತ್ತರಿಸುವುದೂ ನನಗೆ ಬರುತ್ತಿತ್ತು. ಅದನ್ನು ಗಂಡನ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಜೀಪು ಬಂದು ಹದಿನೈದು ದಿನಕ್ಕೆ ಒಂದು ಮುಂಜಾನೆ ಚಾಲೂ ಆಗಲಿಲ್ಲ. ಇವರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಂಗಿ ತೋಯಿಸಿಕೊಂಡು, ಗದಗಿನ ಮಿಸ್ತ್ರಿಗೆ ಚೀಟಿ ಕಳಿಸಬೇಕು ಎನ್ನುತ್ತ ಸೈಕಲ್ ತೆಗೆದುಕೊಂಡು ದವಾಖಾನೆಗೆ ಹೋದರು. ನಾನು ಕಸ ಗುಡಿಸುತ್ತಿದ್ದವಳು ಕಸಬರಿಗೆ ಇಟ್ಟು ಬಾನೆಟ್ ಎತ್ತಿದೆ. ಅಪ್ಪನ ಎಂಜಿನ್ನಿಗೆ ಕಿಡಿ ಬೇಕಿರಲಿಲ್ಲ, ಇದಕ್ಕೆ ಬೇಕು. ಆ ತಂತಿಗಳೆಲ್ಲ ನನಗೆ ಹೊಸವು. ಆದರೆ ಎಣ್ಣೆ ಬರುವ ದಾರಿ ಯಾವ ಎಂಜಿನ್ನಿನಲ್ಲೂ ಒಂದೇ. ಅದನ್ನು ಬೆರಳಿನಿಂದ ಹಿಡಿದುಕೊಂಡು ಹೋದೆ. ಪಂಪಿಗೆ ಅಂಟಿಕೊಂಡು ಗಾಜಿನ ಪುಟ್ಟ ಬಟ್ಟಲೊಂದಿತ್ತು, ಅದರ ತುಂಬ ತುಕ್ಕಿನ ರಾಡಿ. ಬಟ್ಟಲು ಬಿಚ್ಚಿ ತೊಳೆದು, ಜಾಳಿಗೆ ಊದಿ, ಮತ್ತೆ ಕೂಡಿಸಿ ಹ್ಯಾಂಡಲ್ ಹಾಕಿದೆ. ಮೂರನೆಯ ಸುತ್ತಿಗೆ ಎಂಜಿನ್ನು ಹತ್ತಿಕೊಂಡಿತು. ಅಡುಗೆಮನೆಯಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ನೋಡಿದರು, ಜೀಪು ನೋಡಿದರು. ಕೈ ತೊಳೆದುಕೊಂಡೇ ಹಿಟ್ಟು ಮುಟ್ಟು ಎಂದಷ್ಟೇ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಊಟಕ್ಕೆ ಬಂದ ಇವರಿಗೆ ಸಂತೋಷವೇನೋ ಆಯಿತು. ಎರಡು ತುತ್ತು ಉಂಡ ಮೇಲೆ ಮುಖ ಸಣ್ಣದಾಯಿತು.

"ಡಾಕ್ಟ್ರ ಹೆಂಡ್ತಿ ಗಾಡಿ ಕೆಳಗ ಮಲಗತಾಳಂತ ಮಂದಿ ಆಡಿಕೊಳ್ಳಬಾರದು," ಎಂದರು. "ಮಾಡೂದಿದ್ರ ಹಿತ್ತಲದಾಗ ಮಾಡು. ಬಾಗಲಾ ಹಾಕ್ಕೊಂಡು."

ಅಂದಿನಿಂದ ಜೀಪು ಹಿತ್ತಲಿನಲ್ಲಿ ನಿಲ್ಲತೊಡಗಿತು. ಹಿತ್ತಲಿಗೆ ಎತ್ತರದ ಗೋಡೆ, ಎತ್ತಿನ ಗಾಡಿ ಬರುವಷ್ಟು ಅಗಲವಾದ ಮರದ ಬಾಗಿಲು. ಬಾಗಿಲು ಹಾಕಿಕೊಂಡು ಸೆರಗು ಸಿಕ್ಕಿಸಿ, ಹಳೆಯ ಗೋಣಿತಟ್ಟು ಹಾಸಿ ನಾನು ಕೆಳಗೆ ಹೋಗುತ್ತಿದ್ದೆ. ಗ್ರೀಸ್ ತುಂಬುವ ಸಣ್ಣ ತೂತುಗಳೆಲ್ಲ ಎಲ್ಲಿವೆ ಎಂದು ಹುಡುಕುವುದಕ್ಕೇ ನನಗೆ ಒಂದು ವಾರ ಹಿಡಿಯಿತು. ಕೆಲವು ಮಣ್ಣಿನಲ್ಲಿ ಮುಚ್ಚಿ ಎಷ್ಟೋ ವರ್ಷದಿಂದ ಒಣಗಿದ್ದವು. ಒಂದೊಂದನ್ನೇ ಸೂಜಿಯಿಂದ ಕೆದರಿ, ಸೀಮೆಎಣ್ಣೆ ಬಿಟ್ಟು, ಗ್ರೀಸ್ ತುಂಬಿದೆ. ಕಿರುಗುಟ್ಟುತ್ತಿದ್ದ ಗಾಡಿ ಸುಮ್ಮನಾಯಿತು. ನನಗೆ ಆ ಕೆಲಸದಲ್ಲಿ ಬಹಳ ಸುಖವಿತ್ತು. ಅಡುಗೆ ಎಷ್ಟು ಚೆನ್ನಾಗಿ ಮಾಡಿದರೂ ಉಂಡ ಮೇಲೆ ಮುಗಿಯಿತು. ಒಮ್ಮೆ ಬಿಗಿದ ಬೋಲ್ಟು ಮರುದಿನವೂ ಬಿಗಿಯಾಗಿಯೇ ಇರುತ್ತಿತ್ತು.

ಬೇಸರವೂ ಇಲ್ಲದಿರಲಿಲ್ಲ. ಒಂದು ದಿನ ಪೇಟೆಯ ಅರಿವೆ ವ್ಯಾಪಾರಿಯೊಬ್ಬರು ಮನೆಗೆ ಬಂದಿದ್ದರು. ಗಾಡಿ ಹೊಸದರಂತೆ ಓಡುತ್ತಿದೆ, ಯಾರು ರಿಪೇರಿ ಮಾಡಿದರು ಎಂದು ಕೇಳಿದರು. ನಾನು ಚಹಾ ತೆಗೆದುಕೊಂಡು ಬರುತ್ತಿದ್ದೆ. ನಾನೇ ಮಾಡಿಕೊಂಡೆ, ಅದರಲ್ಲೇನಿದೆ ಎಂದು ಇವರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಚಹಾದ ಕಪ್ಪು-ಬಸಿ ಇಟ್ಟು ಒಳಗೆ ಬಂದೆ. ಆ ಭಾನುವಾರ ಕಾರ್ಬೋರೇಟರ್ ಸ್ವಚ್ಛ ಮಾಡುವುದಿತ್ತು, ನಾನು ಹಿತ್ತಲಿಗೆ ಹೋಗಲಿಲ್ಲ. ಇವರೇ ಹೋದರು. ಎರಡು ತಾಸು ಕಳೆದು ಒಳಗೆ ಬಂದಾಗ ಮೂಗಿನ ಮೇಲೆ ಮಸಿ, ಅಂಗೈಯಲ್ಲಿ ಹಿತ್ತಾಳೆಯ ಒಂದು ಚಿಕ್ಕ ತುಣುಕು. ಇದು ಉಳಿಯಿತು, ಎಲ್ಲಿಯದೋ ತಿಳಿಯದು ಎಂದರು. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡರು. ನನಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಅವರೂ ನಕ್ಕರು. ಹೋಗಿ ಕೂಡಿಸಿ ಬಂದೆ.

ಮಳೆಗಾಲ ಬಂದ ಮೇಲೆ ಜೀಪಿನ ನಿಜವಾದ ತೊಂದರೆ ಗೊತ್ತಾಯಿತು. ನಮ್ಮ ಕಡೆಯ ಕಪ್ಪು ಎರೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಗಾಲಿಗೆ ಹತ್ತಿದ ಮಣ್ಣು ಉದುರುವುದಿಲ್ಲ. ಸುತ್ತಿ ಸುತ್ತಿ ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ತುಂಬಿ, ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ನಾಲ್ಕೂ ಗಾಲಿಗೆ ಎಳೆಯುವ ಶಕ್ತಿಯಿದ್ದರೂ ತಿರುಗದ ಗಾಲಿಯಿಂದ ಏನು ಪ್ರಯೋಜನ? ಎರಡು ಸಲ ಇವರು ಗಾಡಿ ಹೊಲದ ದಾರಿಯಲ್ಲೇ ಬಿಟ್ಟು, ಬೂಟು ಕೈಯಲ್ಲಿ ಹಿಡಿದು, ಬ್ಯಾಗು ತಲೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಎರಡನೆಯ ಸಲ ಬಂದಾಗ ತಾವಾಗಿಯೇ ಕೇಳಿದರು, ಇದಕ್ಕೆ ಏನಾದರೂ ಮಾಡಲು ಬರುತ್ತದೆಯೇ ಎಂದು. ಮಾಡಬಹುದು, ಆದರೆ ಕಮ್ಮಾರ ಬೇಕು, ಅವನ ಹತ್ತಿರ ನಾನೇ ಮಾತಾಡಬೇಕು ಎಂದೆ. ಒದ್ದೆ ಬೂಟು ಮೂಲೆಗಿಟ್ಟು ಹೂಂ ಎಂದರು.

ಕಮ್ಮಾರ ನಮ್ಮ ಓಣಿಯ ತುದಿಯವನು, ವಯಸ್ಸಾದವನು, ಮಾತು ಕಡಿಮೆ. ಹಿತ್ತಲಿಗೆ ಬಂದು ಜೀಪಿನ ಸುತ್ತ ಎರಡು ಸಲ ತಿರುಗಿ, ಕೂತು, ಗಾಲಿಯ ಮಣ್ಣನ್ನು ಉಗುರಿನಿಂದ ಕೆರೆದು ನೋಡಿದ.

"ಹೊಲದಾಗ ಕುಂಟಿಗೆ ಮಣ್ಣ ಹತ್ತಿದ್ರ ನಿಂತು ಕೋಲಿನಿಂದ ಕೆರೀತೀವ್ರಿ ಅಕ್ಕಾರ," ಎಂದ. "ಇದು ಓಡೂ ಮುಂದ ಯಾರು ಕೆರಿಯಾಂವ?"

"ಓಡೂ ಮುಂದ ತಾನ ಕೆರಕೋಬೇಕು, ಅಜ್ಜ. ಹಂಗ ಮಾಡೂನು," ಎಂದೆ.

ಮುಂದಿನ ಗಾಲಿ ಅತ್ತಿತ್ತ ಹೊರಳುವುದರಿಂದ ಅಲ್ಲಿ ಏನನ್ನೂ ಕಟ್ಟಲು ಬರುವಂತಿರಲಿಲ್ಲ. ಅಲ್ಲಿ ಮಡ್‌ಗಾರ್ಡಿನ ಅಂಚನ್ನೇ ನಾಲ್ಕು ಬೆರಳಷ್ಟು ಕತ್ತರಿಸಿ, ತಗಡು ಮೇಲಕ್ಕೆ ಮಡಚಿದೆವು. ಹಿಂದಿನ ಗಾಲಿಗಳಿಗೆ ಸವೆದ ಕುಂಟೆಯ ಕಬ್ಬಿಣದ ಅಲಗನ್ನು ಕಾಯಿಸಿ ಬಗ್ಗಿಸಿ, ಟಾಯರಿಗೆ ಒಂದು ಬೆರಳು ಅಂತರದಲ್ಲಿ ಕಮ್ಮಾರ ಕೂಡಿಸಿದ. ಅದು ಮಣ್ಣನ್ನೇನೋ ಚೆನ್ನಾಗಿ ಕೆರೆಯಿತು. ಮೂರನೆಯ ದಿನ ನಡುವೆ ಒಂದು ಕಲ್ಲು ಸಿಕ್ಕಿ ಅಲಗು ತಿರುಚಿಕೊಂಡು ಟಾಯರನ್ನೇ ಸೀಳಿತು. ತಪ್ಪು ನನ್ನದು, ಗಟ್ಟಿಯಾಗಿ ಬಿಗಿಯಲು ಹೇಳಿದವಳು ನಾನು. ಕಮ್ಮಾರ ಬೇಜಾರು ಮಾಡಿಕೊಳ್ಳಲಿಲ್ಲ. ಎರಡನೆಯ ಸಲ ಅಲಗನ್ನು ಬಾಗಿಲಿನ ಕೀಲಿನಂಥ ಕೀಲಿಗೆ ತೂಗಿಹಾಕಿ, ಅದರ ಹಿಂಬದಿಗೆ ಮುರಿದ ಸ್ಪ್ರಿಂಗಿನ ಕಮಾನು ಪಟ್ಟಿಯ ತುಂಡೊಂದನ್ನು ಒತ್ತು ಕೊಟ್ಟ. ಮಣ್ಣು ಬಂದರೆ ಕೆರೆಯುತ್ತದೆ, ಕಲ್ಲು ಬಂದರೆ ಹಿಂದೆ ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಆ ಜೀಪು ನಮ್ಮ ಹತ್ತಿರ ಇರುವತನಕ ಅದು ಹಾಗೆಯೇ ಇತ್ತು.

ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಒಂದು ದಿನ ತಾವೇ ಒಂದು ಕೆಲಸ ಹಿಡಿದರು. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಅವರ ಕೈ ಊರಿಗೇ ಗೊತ್ತಿತ್ತು. ಸೀಟುಗಳ ಅಳತೆ ತೆಗೆದುಕೊಂಡು ದಪ್ಪನಾದ ಮೂರು ಕೌದಿ ಹೊಲಿದರು. ತಂಬುವಿನ ಬಟ್ಟೆ ತರಿಸಿ ಮೇಲಿನ ಹೊದಿಕೆ, ಎರಡೂ ಬದಿಗೆ ಗುಂಡಿ ಹಾಕುವ ಪರದೆ ಮಾಡಿದರು. ಹಿಂದೆ ರೋಗಿ ಮಲಗಲು ಉದ್ದನೆಯ ಹಲಗೆ ಹಾಕಿಸಿ, ಅದಕ್ಕೂ ಒಂದು ಕೌದಿ. ಪರದೆ ಬಂದ ಮೇಲೆ ದವಾಖಾನೆಯತನಕ ಒಮ್ಮೆ ಕೂತು ಬಂದರು. ಹೇಗಿತ್ತೆಂದು ಕೇಳಿದರೆ, ಸೊಂಟಕ್ಕೆ ತ್ರಾಸಾಗಲಿಲ್ಲ ಎಂದರು. ಅಷ್ಟು ಹೇಳಿದ್ದೇ ದೊಡ್ಡದು.

ಆ ಮಳೆಗಾಲದಲ್ಲೇ ಹತ್ತಿರದ ಪುರ್ತಗೇರಿಗೆ ಹೋಗುವ ದಾರಿಯ ಹಳ್ಳದಲ್ಲಿ ಜೀಪು ಒಮ್ಮೆ ನಡುನೀರಿನಲ್ಲಿ ನಿಂತುಬಿಟ್ಟಿತು. ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಹಿತ್ತಲಿನಲ್ಲಿ ನೋಡಿದರೆ ಎಂಜಿನ್ನಿನ ಮೇಲೆಲ್ಲ ನೀರು ಸಿಡಿದ ಗುರುತು. ಮುಂದಿನ ಫ್ಯಾನಿನ ಎಲೆ ನೀರಿಗೆ ತಾಗಿ, ಆ ನೀರನ್ನೆಲ್ಲ ಕಿಡಿ ಹಂಚುವ ಡಬ್ಬಿಯ ಮೇಲೆ ಎರಚಿತ್ತು. ಡಬ್ಬಿ ಬಿಚ್ಚಿ ಒರೆಸಿದ ಮೇಲೆ ಗಾಡಿ ಸರಿಹೋಯಿತು. ಆದರೆ ಮತ್ತೆ ಹಳ್ಳಕ್ಕಿಳಿದರೆ ಮತ್ತೆ ಅದೇ ಆಗಬೇಕಲ್ಲ? ಆಗ ಡೈನಮೋದ ಮಗ್ಗುಲಿಗಿದ್ದ ಒಂದು ಚಿಕ್ಕ ಹಿಡಿಕೆ ನೆನಪಾಯಿತು. ಅದು ಯಾತಕ್ಕೆ ಎಂದು ಗದಗಿನ ಮಿಸ್ತ್ರಿಗೂ ಗೊತ್ತಿರಲಿಲ್ಲ. ಮಿಲಿಟರಿಯವರದೇನೋ, ಮುಟ್ಟಬೇಡಿ ಎಂದಿದ್ದನಂತೆ. ನಾನು ಎಂಜಿನ್ನು ನಿಲ್ಲಿಸಿ ಅದನ್ನು ಎಳೆದೆ. ಡೈನಮೋ ಒಳಕ್ಕೆ ಸರಿದು ಫ್ಯಾನಿನ ಬೆಲ್ಟು ಸಡಿಲಾಯಿತು. ಚಾಲೂ ಮಾಡಿದರೆ ಎಂಜಿನ್ನು ಓಡುತ್ತಿದೆ, ಫ್ಯಾನು ನಿಂತೇ ಇದೆ. ನದಿ ದಾಟಬೇಕಾದವರಿಗಾಗಿಯೇ ಮಾಡಿಟ್ಟ ಹಿಡಿಕೆ ಅದು. ನಾನು ಹಿತ್ತಲಿನಲ್ಲಿ ಒಬ್ಬಳೇ ನಿಂತು ಅದನ್ನು ಎಳೆಯುವುದು, ಬಿಡುವುದು ಮಾಡಿದೆ. ಆ ಮಧ್ಯಾಹ್ನದಷ್ಟು ಖುಷಿ ನನಗೆ ಎಷ್ಟೋ ಹಬ್ಬಗಳಲ್ಲಿ ಆಗಿಲ್ಲ.

ಎಂಟು ದಿನ ಕಳೆದಿರಬೇಕು. ಪುರ್ತಗೇರಿಯಿಂದ ಒಬ್ಬ ರೈತ ನಡೆದುಕೊಂಡು ಬಂದ. ಮಳೆಗೆ ನೆನೆಯಬಾರದೆಂದು ಬಣವೆಗೆ ಹೊಚ್ಚಲು ಹತ್ತಿದ್ದ ಅವನ ತಮ್ಮ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಚಕ್ಕಡಿಯ ಕುಲುಕಿಗೆ ಆ ಕಾಲು ತಡೆಯುವುದಿಲ್ಲ, ಜೀಪೇ ಹೋಗಬೇಕು. ಹಳ್ಳಕ್ಕೆ ನೀರು ಬಂದಿದೆ ಎಂದೂ ಅವನೇ ಹೇಳಿದ. ನಾನೂ ಬರುತ್ತೇನೆ ಎಂದೆ. ಇವರು ಬೇಡ ಎನ್ನುವವರಿದ್ದರು. ಮುಖದ ಮೇಲೆಯೇ ಅದು ಇತ್ತು. ಅಷ್ಟರಲ್ಲಿ ಅತ್ತೆ ಹೊಸ್ತಿಲ ಹತ್ತಿರ ಬಂದು ನಿಂತರು.

"ಕರಕೊಂಡ ಹೋಗು," ಎಂದರು. "ನೀರಾಗ ಗಾಡಿ ನಿಂತ್ರ ನೀ ಏನ ಮಾಡಾಂವ? ಸೂಜಿ ಚುಚ್ಚತೀಯೇನು ಅದಕ?"

ಹೋದೆವು. ಹೋಗುವಾಗ ನೀರು ಮೊಣಕಾಲಿಗಿಂತ ಕೆಳಗಿತ್ತು. ಹಳ್ಳದ ದಂಡೆಯಲ್ಲಿ ಇಳಿದು, ಬಾನೆಟ್ ಎತ್ತಿ ಹಿಡಿಕೆ ಎಳೆದೆ. ಇವರು ಸಣ್ಣ ಗೇರಿನಲ್ಲಿ ನಿಧಾನ ದಾಟಿಸಿದರು. ಆಚೆ ದಂಡೆಯಲ್ಲಿ ಮತ್ತೆ ಇಳಿದು ಬೆಲ್ಟು ಬಿಗಿಮಾಡಿದೆ. ಎಮ್ಮೆ ಮೇಯಿಸುತ್ತಿದ್ದ ನಾಲ್ಕೈದು ಮಂದಿ ಮಾತು ನಿಲ್ಲಿಸಿ ನೋಡುತ್ತಿದ್ದರು. ಇವರು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.

ಊರಿನಲ್ಲಿ ಇವರು ರೋಗಿಯ ಕಾಲಿಗೆ ಹಲಗೆ ಕಟ್ಟಿ, ನೋವಿಗೆ ಸೂಜಿ ಕೊಟ್ಟು, ನಾಲ್ಕು ಜನ ಹಿಡಿದು ಅವನನ್ನು ಹಿಂದಿನ ಕೌದಿಯ ಮೇಲೆ ಮಲಗಿಸುವಷ್ಟರಲ್ಲಿ ಎರಡು ತಾಸಾಗಿತ್ತು. ಮೇಲೆಲ್ಲೋ ಮಳೆಯಾಗಿರಬೇಕು, ತಿರುಗಿ ಬಂದಾಗ ಹಳ್ಳ ಏರಿತ್ತು. ನಮ್ಮ ಹಿಂದೆ ಊರಿನ ಅರ್ಧ ಮಂದಿ ಬಂದಿದ್ದರು. ರೋಗಿಯ ಅಣ್ಣ ಇವರ ಮಗ್ಗುಲಿಗೆ ಬಂದು ನಿಂತ.

"ಡಾಕ್ಟ್ರ, ದಾಟತೈತೇನ್ರಿ ಗಾಡಿ?"

ಇವರು ನೀರು ನೋಡಿದರು. ಹಿಂದೆ ಮಲಗಿದ್ದ ಹುಡುಗನನ್ನು ನೋಡಿದರು. ಆಮೇಲೆ ನನ್ನ ಕಡೆ ಕೈ ಮಾಡಿದರು.

"ನನ್ನ ಕೇಳಬ್ಯಾಡ, ಆಕೀನ ಕೇಳು. ನಾ ಬರೇ ನಡಸಾಂವ. ಈ ಗಾಡಿ ನಡಿಯೂ ಹಂಗ ಇಟ್ಟಾಕಿ ಆಕಿ."

ಅಷ್ಟು ಮಂದಿಯ ಮುಂದೆ, ಸಹಜವಾಗಿ, ಸೂಜಿ ಔಷಧದ ಮಾತು ಹೇಳಿದಂತೆಯೇ ಹೇಳಿದರು. ಒಬ್ಬರ ಕೈಯಿಂದ ಬಾರಕೋಲು ಇಸಿದುಕೊಂಡು ನೀರಿಗಿಳಿದು ನಡುವಿನತನಕ ಹೋದೆ. ನೀರು ತೊಡೆಗೆ ಬಂತು. ತಿರುಗಿ ಬಂದು ಆ ಕೋಲನ್ನು ಜೀಪಿನ ಮಗ್ಗುಲಿಗೆ ಹಿಡಿದು ನೋಡಿದರೆ ಒದ್ದೆಯ ಗುರುತು ಕಿಡಿ ಡಬ್ಬಿಯ ಮಟ್ಟಕ್ಕೇ ಬಂದಿತ್ತು. ಈಗ ಆಗುವುದಿಲ್ಲ, ಕಾಯಬೇಕು ಎಂದೆ. ಧೈರ್ಯದ ಮಾತು ಕೇಳಲು ನಿಂತವರಿಗೆ ನಿರಾಶೆಯಾಯಿತೋ ಏನೋ. ಆದರೆ ಯಾರೂ ಎದುರು ಮಾತಾಡಲಿಲ್ಲ. ದಂಡೆಯಲ್ಲಿ ಒಂದು ಕಲ್ಲಿಟ್ಟು ನೀರಿನ ಮಟ್ಟ ಗುರುತಿಸಿದೆ. ಯಾರೋ ಹೆಂಗಸರು ರೋಗಿಗೆ ಬಿಸಿ ಹಾಲು ತಂದರು, ನನಗೂ ಒಂದು ಲೋಟ ಕೊಟ್ಟರು. ಹಳ್ಳದ ನೀರು ಬಂದಷ್ಟೇ ಬೇಗ ಇಳಿಯುತ್ತದೆ. ಒಂದು ತಾಸಿಗೆ ಕಲ್ಲಿನಿಂದ ಒಂದು ಗೇಣು ಕೆಳಗೆ ಹೋಯಿತು. ಕಿಡಿ ಡಬ್ಬಿಗೆ ಗ್ರೀಸ್ ಹಚ್ಚಿ ಬಟ್ಟೆ ಸುತ್ತಿ, ಹಿಡಿಕೆ ಎಳೆದು, ಈಗ ನಡಿಯಿರಿ ಎಂದೆ.

ನಡುವಿನಲ್ಲಿ ಒಮ್ಮೆ ಎಂಜಿನ್ನು ಕೆಮ್ಮಿತು. ಇವರು ಪೆಡಲಿನಿಂದ ಕಾಲು ತೆಗೆಯಲಿಲ್ಲ. ಮುಂದಿನ ಗಾಲಿ ದಂಡೆಯ ಗಟ್ಟಿ ಗರಸು ನೆಲ ಹಿಡಿದು ಮೇಲಕ್ಕೇರಿದಾಗ ಹಿಂದಿನಿಂದ ಮಂದಿಯ ಗದ್ದಲ ಕೇಳಿಸಿತು. ರೋಗಿ ಹಲ್ಲು ಕಚ್ಚಿಕೊಂಡಿದ್ದವನು, ಬಂದಿವೇನ್ರಿ ಎಂದು ಕೇಳಿದ. ಬಂದೆವು ಎಂದೆ.

ಇಷ್ಟೇ ಆಗಿದ್ದರೆ ಹಮ್ಮಿನಿಂದ ನನ್ನ ತಲೆ ತಿರುಗುತ್ತಿತ್ತೇನೋ. ಆದರೆ ಆ ಸಂಭ್ರಮದಲ್ಲಿ ಬೆಲ್ಟು ಬಿಗಿಮಾಡುವುದನ್ನೇ ನಾನು ಮರೆತಿದ್ದೆ. ನಮ್ಮೂರು ಇನ್ನೂ ಒಂದು ಮೈಲಿ ಇರುವಾಗ ಮುಂದಿನಿಂದ ಭುಸ್ಸೆಂದು ಹಬೆ ಎದ್ದಿತು. ಫ್ಯಾನೂ ನಿಂತಿತ್ತು, ನೀರು ತಿರುಗಿಸುವ ಪಂಪೂ ನಿಂತಿತ್ತು, ರೇಡಿಯೇಟರ್ ಕುದಿಯುತ್ತಿತ್ತು. ನನಗೆ ಭೂಮಿಯೊಳಗೆ ಇಳಿಯುವಂತಾಯಿತು. ಇವರು ಗಾಡಿ ನಿಲ್ಲಿಸಿ, ಹಿಂದೆ ಇಟ್ಟಿದ್ದ ಕೊಡ ತೆಗೆದುಕೊಂಡು ಹತ್ತಿರದ ಬಾವಿಗೆ ಹೋದರು. ನೀರು ತಂದು ನನ್ನ ಕೈಗೆ ಕೊಡುವಾಗ, ತುಣುಕು ಉಳಿಸುವವನು ನಾನೊಬ್ಬನೇ ಎಂದು ತಿಳಿದಿದ್ದೆ ಎಂದು ಮೆಲ್ಲಗೆ ಹೇಳಿ ನಕ್ಕರು.

ಆ ಹುಡುಗನ ಎಲುಬು ಗದಗಿನಲ್ಲಿ ಕೂಡಿಸಿದರು. ಮುಂದೆ ಅವನು ಸ್ವಲ್ಪ ಎಳೆದು ನಡೆಯುತ್ತಿದ್ದ, ಹೊಲ ಮಾತ್ರ ಬಿಡಲಿಲ್ಲ. ನಮ್ಮ ಹಿತ್ತಲಿನ ಬಾಗಿಲನ್ನು ಆಮೇಲೆ ಯಾರೂ ಹಾಕಲಿಲ್ಲ. ಹಾಕಬಾರದು ಎಂದು ಯಾರೂ ಹೇಳಲೂ ಇಲ್ಲ. ಬಾವಿಗೆ ಎಂಜಿನ್ನು ಕೂಡಿಸಿದ್ದ ರೈತರು ಆಗೀಗ ಬಂದು, ಡಾಕ್ಟರ ಮನೆಯ ಅಕ್ಕನವರು ಇದ್ದಾರೆಯೇ ಎಂದು ಕೇಳುತ್ತಿದ್ದರು. ಮೊದಮೊದಲು ಅತ್ತೆಯ ಮೂಲಕ ಮಾತು, ಆಮೇಲೆ ನೇರವಾಗಿಯೇ.

ಎರಡು ವರ್ಷದ ಮೇಲೆ ಎಂಜಿನ್ನು ಎಣ್ಣೆ ಕುಡಿಯತೊಡಗಿತು, ಹಿಂದೆ ನೀಲಿ ಹೊಗೆ. ರೋಣಕ್ಕೆ ಒಯ್ದು ಅಪ್ಪನ ಗಿರಣಿಯ ಮುಂದೆ ನಿಲ್ಲಿಸಿದೆವು. ಅಪ್ಪ ಮೂರು ದಿನ ಗಿರಣಿ ಬಂದ್ ಮಾಡಿದ. ನಾವಿಬ್ಬರೂ ಎಂಜಿನ್ನಿನ ತಲೆ ಬಿಚ್ಚಿ, ಹುಬ್ಬಳ್ಳಿಯಿಂದ ತರಿಸಿದ ಹೊಸ ರಿಂಗು ಹಾಕಿ, ವಾಲ್ವುಗಳನ್ನು ಒಂದೊಂದಾಗಿ ಅರೆದು ಕೂಡಿಸಿದೆವು. ಅಪ್ಪ ಎಂದಿನಂತೆ ಹೇಳುತ್ತಲೇ ಇದ್ದ. ಎರಡನೆಯ ದಿನ ಮಾತು ನಿಲ್ಲಿಸಿ ನನ್ನ ಕೈ ನೋಡುತ್ತ ಕೂತ. ನೀನು ಮಾಡು, ನಾನು ನೋಡುತ್ತೇನೆ ಎಂದ. ಅವನ ಬಾಯಿಂದ ಹೊಗಳಿಕೆ ಎಂದು ನಾನು ಕೇಳಿದ್ದು ಅದೊಂದೇ.

ಆ ರಿಪೇರಿಯಾದ ಎಂಜಿನ್ನಿನ ಮೇಲೆಯೇ ಅತ್ತೆಯನ್ನು ಅವರ ತವರಿಗೆ ಕರೆದುಕೊಂಡು ಹೋದದ್ದು. ತವರು ಕೊಣ್ಣೂರು, ಮಲಪ್ರಭೆಯ ದಂಡೆ. ಅವರು ಅಲ್ಲಿಗೆ ಹೋಗಿ ಏಳೆಂಟು ವರ್ಷವಾಗಿತ್ತು. ಸುಗ್ಗಿ ಮುಗಿದ ಹೊತ್ತು, ದಾರಿ ಒಣಗಿತ್ತು. ನರಗುಂದ ದಾಟುವ ಮೊದಲೇ ಹಿಂದಿನ ಕಮಾನಿನ ಬೋಲ್ಟು ಸಡಿಲಾಗಿ ಗಾಡಿ ಒಂದು ಕಡೆ ಎಳೆಯತೊಡಗಿತು. ಗುಡ್ಡದ ಕೆಳಗೆ ಬೇವಿನ ಗಿಡದ ನೆರಳಿನಲ್ಲಿ ನಿಲ್ಲಿಸಿ ನಾನು ಕೆಳಗೆ ಹೋದೆ. ಇವರು ಜಾಕಿ ಹಿಡಿದಿದ್ದರು. ಅತ್ತೆ ಇಳಿದು, ಬೋಲ್ಟು ಬಿಗಿಯುವ ಪಾನಾಗಳ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಗಾಲಿಯ ಹತ್ತಿರವೇ ಕೂತರು. ನರಗುಂದದ ಪೇಟೆಗೆ ಕಾಳು ಹೊತ್ತ ಚಕ್ಕಡಿಗಳು ಸಾಲಾಗಿ ಹೋಗುತ್ತಿದ್ದವು. ಒಂದು ಚಕ್ಕಡಿಯವನು ನಿಲ್ಲಿಸಿ, ಮಿಸ್ತ್ರಿಯನ್ನು ಕರೆದುಕೊಂಡು ಬರಲೇನವ್ವಾ ಎಂದು ಅತ್ತೆಯನ್ನು ಕೇಳಿದ.

"ಬ್ಯಾಡಪಾ. ಮಿಸ್ತ್ರಿ ನಮ್ಮ ಮನಿಯಾಕೀನ ಇದ್ದಾಳ," ಎಂದರು ಅತ್ತೆ.

ಕೆಳಗಿನಿಂದ ನಾನು ಕೈ ಚಾಚಿ ದೊಡ್ಡ ಪಾನಾ ಕೇಳಿದೆ. ಅವರು ಚೀಲದಲ್ಲಿ ಬಹಳ ಹೊತ್ತು ಹುಡುಕಿ, ಸೆರಗಿನಿಂದ ಒರೆಸಿ, ಎಲ್ಲಕ್ಕಿಂತ ಚಿಕ್ಕದನ್ನು ನನ್ನ ಕೈಗೆ ಕೊಟ್ಟರು.